‘ಟ್ರೂ ಬ್ಲೂ’: ಆರು ದಿನದ ಅಂತರ, ಎರಡು ಹಣೆಬರಹ

ಟೀನಾ ಬ್ರೂಕ್ಸ್ ಅಂದ್ರೆ ಯಾರೋ ಗಾಯಕಿ ಅಂದ್ಕೊಂಡಿದ್ದೆ. ಹಳೇ ಎಲ್‌ಪಿಗಳ ರಾಶಿಯಲ್ಲಿ ‘ಟ್ರೂ ಬ್ಲೂ’ ಸಿಕ್ಕಿ, ಕವರ್ ತಿರುಗಿಸಿ ಓದಿದಾಗಲೇ ಗೊತ್ತಾಗಿದ್ದು: ಆತ ಗಂಡಸು, ಟೆನರ್ ಸ್ಯಾಕ್ಸೋಫೋನ್ ವಾದಕ.

ಇದು ಹಾರ್ಡ್ ಬಾಪ್. ಬೀಬಾಪ್‌ನ ವೇಗಕ್ಕೆ ಬ್ಲೂಸ್ ಮತ್ತು ಚರ್ಚಿನ ಗಾಸ್ಪೆಲ್ ಹಾಡುಗಳ ಭಾವ ಬೆರೆಸಿ, 1950ರ ದಶಕದಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ಕಟ್ಟಿದ ಜಾಝ್. ಈ ಆಲ್ಬಮ್ಮಿನ ಆರು ಟ್ರ್ಯಾಕ್‌ಗಳಲ್ಲಿ ಐದು ಬ್ರೂಕ್ಸ್ ಅವರದೇ ರಚನೆ.

1960ರ ಜೂನ್ 19ರಂದು ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಟ್ರಂಪೆಟ್ ವಾದಕ ಫ್ರೆಡ್ಡಿ ಹಬಾರ್ಡ್ ತಮ್ಮ ಮೊದಲ ಆಲ್ಬಮ್ ‘ಓಪನ್ ಸೆಸಮಿ’ ರೆಕಾರ್ಡ್ ಮಾಡಿದರು. ಅದರ ಶೀರ್ಷಿಕೆ ರಚನೆ ಬ್ರೂಕ್ಸ್ ಅವರದು, ಜೊತೆಗೆ ನುಡಿಸಿದ್ದೂ ಅವರೇ. ಆರು ದಿನ ಕಳೆದು ಅಲ್ಲೇ ‘ಟ್ರೂ ಬ್ಲೂ’. ಈ ಸಲ ಟ್ರಂಪೆಟ್‌ಗೆ ಹಬಾರ್ಡ್.

ಹಬಾರ್ಡ್ ತಾರೆಯಾದರು. ಬ್ರೂಕ್ಸ್ ತಮ್ಮ ಹೆಸರಲ್ಲಿ ಬ್ಲೂ ನೋಟ್ ಕಂಪನಿಗೆ ನಾಲ್ಕು ಆಲ್ಬಮ್ ರೆಕಾರ್ಡ್ ಮಾಡಿದ್ದರು. ಬದುಕಿದ್ದಾಗ ಹೊರಬಂದಿದ್ದು ಇದೊಂದೇ. ‘ಬ್ಯಾಕ್ ಟು ದ ಟ್ರ್ಯಾಕ್ಸ್’ಗೆ ಕ್ಯಾಟಲಾಗ್ ಸಂಖ್ಯೆಯೂ ಬಿದ್ದಿತ್ತು, ಅಂಗಡಿಗೆ ಮಾತ್ರ ಬರಲಿಲ್ಲ. 1961ರ ನಂತರ ರೆಕಾರ್ಡಿಂಗೇ ಇಲ್ಲ. ಹೆರಾಯಿನ್ ಚಟ, ಅನಾರೋಗ್ಯ. 1974ರಲ್ಲಿ, 42ನೇ ವಯಸ್ಸಿಗೆ ತೀರಿಕೊಂಡರು. 1985ರಲ್ಲಿ ಮೊಸಾಯಿಕ್ ಕಂಪನಿ ನಾಲ್ಕನ್ನೂ ಸೇರಿಸಿ ಎಲ್‌ಪಿ ಸೆಟ್ ತಂದಿತು.

ಇಂಜಿನಿಯರಿಂಗ್ ಓದಿದ ನಾನು, ಒಳ್ಳೇದು ತಾನಾಗೇ ಮೇಲೆ ಬರುತ್ತೆ ಅಂತ ನಂಬಿದ್ದವನು. ಆದ್ರೆ ಬ್ರೂಕ್ಸ್‌ರನ್ನು ಕೇಳಿ ಬೇಡ ಅಂದವರು ಯಾರು? ಮೂರು ಆಲ್ಬಮ್ ಕೇಳುಗರ ತನಕ ಬರಲೇ ಇಲ್ಲವಲ್ಲ. ಕಾಲವೇ ಜರಡಿ ಹಿಡಿಯುತ್ತೆ ಅನ್ನೋ ಮುಂಚೆ, ಜರಡಿಗೆ ಬೀಳದೇ ಉಳಿದದ್ದು ಏನೇನು ಅಂತ ನೋಡಬೇಕು.