ನೆರಳಿಲ್ಲದ ರಾಜರಾಜೇಶ್ವರಿ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಗೃಹಪ್ರವೇಶಕ್ಕೆ ಚಿನ್ನದ ಹೊಳಪಿನ ದೇವರ ಪಟ ಉಡುಗೊರೆಯಾಗಿ ಬಂದರೆ, ನೋಡಿದವರು ‘ತಂಜಾವೂರಿನದಾ?’ ಎಂದೇ ಕೇಳುತ್ತಾರೆ. 2005ರಲ್ಲೇ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ನಮ್ಮ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಹೆಸರು ಅಲ್ಲಿ ಕೇಳುವುದು ಕಡಿಮೆ. ವಿಜಯನಗರದ ಪತನದ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ಒಡೆಯರ ಆಶ್ರಯದಲ್ಲಿ ಬೆಳೆದ ಕಲೆ ಇದು. ತಂಜಾವೂರಿನ ಪಟದಲ್ಲಿ ಉಬ್ಬು ಹೆಚ್ಚು, ಗಾಜಿನ ಹರಳುಗಳೂ ಇರುತ್ತವೆ. ಮೈಸೂರಿನವರು ಸಫೇದವೆಂಬ ಬಿಳಿ ಪುಡಿ, ರೇವಣಚಿನ್ನಿ ಮರದ ಹಳದಿ ಹಾಲು, ಅಂಟು ಕಲಸಿ ಎಳೆಎಳೆಯಾಗಿ ತೆಳುವಾದ ಉಬ್ಬು ಎತ್ತಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ.

ಈ ಶೈಲಿಯಲ್ಲಿ ಮತ್ತೆ ಮತ್ತೆ ಬರೆಯಲಾದ ರಾಜರಾಜೇಶ್ವರಿಯ ಪಟವನ್ನು ಸಾವಧಾನವಾಗಿ ನೋಡಿ. ದೇವಿಯ ಮೈ ಉದಯಸೂರ್ಯನ ಕೆಂಪು. ಅದು ಕಲಾವಿದನ ಇಷ್ಟದ ಬಣ್ಣವಲ್ಲ, ದೇವತೆಯ ರೂಪ ವರ್ಣಿಸುವ ಧ್ಯಾನಶ್ಲೋಕ ವಿಧಿಸಿದ್ದು. ಸರಸ್ವತಿಗೆ ಬಿಳಿ, ರಾಮನಿಗೆ ಶ್ಯಾಮಲ ವರ್ಣ ಬಂದದ್ದೂ ಹೀಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಲಕ್ಷಣಗಳನ್ನೆಲ್ಲ ‘ಶ್ರೀತತ್ತ್ವನಿಧಿ’ಯಲ್ಲಿ ಚಿತ್ರಸಹಿತ ಸಂಗ್ರಹಿಸಿಟ್ಟರು. ಇನ್ನು ದೇವಿಯ ನಾಲ್ಕು ಕೈಗಳಲ್ಲಿರುವ ವಸ್ತುಗಳು. ಲಲಿತಾ ಸಹಸ್ರನಾಮ ಹೇಳುವಂತೆ ಪಾಶವೆಂದರೆ ರಾಗ, ಅಂಕುಶ ಕ್ರೋಧ, ಕಬ್ಬಿನ ಬಿಲ್ಲು ಮನಸ್ಸು, ಐದು ಹೂಬಾಣಗಳು ಶಬ್ದ, ಸ್ಪರ್ಶ, ರೂಪ, ರಸ, ಗಂಧ. ನಮ್ಮನ್ನು ಕಟ್ಟುವ ಆಸೆ, ತಿವಿಯುವ ಸಿಟ್ಟು, ಎಳೆದಾಡುವ ಇಂದ್ರಿಯಗಳೆಲ್ಲ ಅವಳ ಹಿಡಿತದಲ್ಲಿವೆ. ಎಡಬಲದಲ್ಲಿ ಚಾಮರ ಬೀಸುವವರು ಲಕ್ಷ್ಮಿ, ಸರಸ್ವತಿ. ಸಿಂಹಾಸನಕ್ಕೆ ಬ್ರಹ್ಮ, ವಿಷ್ಣು, ರುದ್ರ, ಈಶ್ವರರೇ ನಾಲ್ಕು ಕಾಲು, ಸದಾಶಿವನೇ ಹಲಗೆ.

ಇಷ್ಟೆಲ್ಲ ಇದ್ದರೂ ಪಟದಲ್ಲಿ ಎಲ್ಲೂ ನೆರಳು ಬೀಳುವುದಿಲ್ಲ. ಚಿತ್ರಕಾರ ರಾಜಾ ರವಿವರ್ಮನ ದೇವತೆಯರ ಮೇಲೆ ಒಂದು ಕಡೆಯಿಂದ ಬೆಳಕು ಬಿದ್ದು, ಸೀರೆಯ ಮಡಿಕೆಗಳಲ್ಲಿ ಕತ್ತಲು ಕೂರುತ್ತದೆ. ಅವರು ನಮ್ಮ ಲೋಕದ ಹೆಂಗಸರಂತೆ ಕಾಣುತ್ತಾರೆ. ಇಲ್ಲಿ ಬೆಳಕು ಹೊರಗಿನಿಂದ ಬರುವುದೇ ಇಲ್ಲ. ದೇವಿಯೇ ಬೆಳಕಾದ್ದರಿಂದ ಅವಳಿಗೆ ನೆರಳು ಎಲ್ಲಿಂದ ಬರಬೇಕು? ಕಿರೀಟ, ಪ್ರಭಾವಳಿ, ಜರಿಯ ಚಿನ್ನ ಅದನ್ನೇ ಹೇಳುತ್ತಿದೆ. ಬೈಜಾಂಟಿಯಮ್ಮಿನ ಕ್ರೈಸ್ತ ಚಿತ್ರಕಾರರೂ ಹಿನ್ನೆಲೆಗೆ ಚಿನ್ನ ಹಚ್ಚಿ, ಸಂತರನ್ನು ನೆರಳಿಲ್ಲದೆ ನಿಲ್ಲಿಸಿದರು.

ಆದ್ದರಿಂದಲೇ ಪಟದ ನೆತ್ತಿಯ ಮೇಲೆ ಪ್ರಖರವಾದ ಎಲ್‌ಇಡಿ ದೀಪ ಹಾಕುವುದು ತಪ್ಪು ಎನ್ನುತ್ತೇನೆ. ಚಿನ್ನ ಬರೀ ತಗಡಿನಂತೆ ಹೊಳೆದು, ತೆಳು ಉಬ್ಬಿನ ಕುಸುರಿ ಕಣ್ಣಿಗೇ ಬೀಳದು. ಪಕ್ಕದಿಂದ ಮಂದವಾದ, ಹಳದಿ ಛಾಯೆಯ ಬೆಳಕು ಬಿಟ್ಟು ನೋಡಿ, ಒಂದೊಂದು ಎಳೆಯೂ ಮೇಲೇಳುತ್ತದೆ.

ಇಂಥ ಪಟ ಕೊಳ್ಳುವ ಮೊದಲು ಹಳೆಯ ಮೈಸೂರು ಪಟಗಳನ್ನು ಕಣ್ಣಾರೆ ನೋಡಬೇಕು. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವುಗಳ ಒಳ್ಳೆಯ ಸಂಗ್ರಹವಿದೆ. 2025ರ ಆಗಸ್ಟಿನಿಂದ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊ ಬಂದಿದೆ. ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಹಸಿರು ಮಾರ್ಗ ಹಿಡಿದು, ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಆಟೊ ಸಿಗುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.