ನಮ್ಮನೆ ಹಾಲ್‌ನಲ್ಲೊಂದು ಸಮುದ್ರ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮನೆ ಹಾಲ್‌ನಲ್ಲಿ ಎರಡಡಿಯ ಸಮುದ್ರವಿದೆ: ಒಂದು ಜೋಡಿ ಕ್ಲೌನ್ ಫಿಶ್, ಅಣಬೆಯಂಥ ಮೃದು ಹವಳ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಯ್ತು, ಇನ್ವರ್ಟರೂ ಕೈಕೊಟ್ಟಿತು. ಪಂಪ್ ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ‘ಮೀನಿಗೆ ಉಸಿರು ಕಟ್ಟತೈತೇನ?’ ಎನ್ನುತ್ತಲೇ ಅವ್ವ ಚೊಂಬು ತಂದಳು. ನೀರನ್ನು ಎತ್ತಿ ಎತ್ತಿ ಸುರಿಯುತ್ತಾ ಇಬ್ಬರೂ ಬೆಳಗು ಹರಿಸಿದೆವು. ಎಲ್ಲವೂ ಬದುಕಿದವು.

ಸಾಕುವುದಾದರೆ ಮೊದಲು ಬ್ಯಾಟರಿ ಏರ್ ಪಂಪ್ ಕೊಳ್ಳಿ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟೂ ಆರ್‌ಒ ಸಿಹಿನೀರನ್ನೇ ಸೇರಿಸಿ. ಉಷ್ಣಾಂಶ 25–26 ಡಿಗ್ರಿ ಇರಲಿ.

ಗಟ್ಟಿ ಹವಳ ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಹುಲಿಯಂತೆಯೇ ಮೊದಲ ಅನುಸೂಚಿಯಲ್ಲಿದೆ. ನೋಡಲೇಬೇಕೆನಿಸಿದರೆ ಮುರ್ಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಿರಿ.