ಹಾಡಿಗೆ ಸ್ವಂತ ಕಂಠ, ಬಾಳಿಗೆ ಬೇರೆಯವರ ಪ್ಲೇಬ್ಯಾಕ್!

ಗಾನತಾರೆ ಸುರೈಯಾಳ ಕಥೆ

ಮಿತ್ರರೇ, ಒಂದು ಪ್ರಶ್ನೆ ಕೇಳ್ತೀನಿ, ಥಟ್ ಅಂತ ಉತ್ತರ ಹೇಳಬೇಕು. ತೆರೆಯ ಮೇಲೆ ನಾಯಕಿ ಹಾಡ್ತಾ ಇದ್ದಾಳೆ. ತುಟಿ ಆಕೆಯದು, ಕಣ್ಣು ಆಕೆಯದು, ಹಾರುವ ಸೆರಗೂ ಆಕೆಯದೇ... ಕಂಠ ಯಾರದು?

"ಇದೂ ಒಂದು ಪ್ರಶ್ನೆನಾ ಸ್ವಾಮಿ? ಎಸ್. ಜಾನಕಿಯವರದು, ಪಿ. ಸುಶೀಲಾ ಅವರದು, ಹಿಂದಿ ಆದ್ರೆ ಲತಾ ಮಂಗೇಶ್ಕರ್ ಅವರದು" ಅಂತೀರಿ. ಒಪ್ಪಿದೆ. ಆದರೆ ಮುಖ ಒಬ್ಬರದು, ಕಂಠ ಇನ್ನೊಬ್ಬರದು ಅನ್ನುವ ಮಾತೇ ವಿಚಿತ್ರವಾಗಿ ಕೇಳುತ್ತಿದ್ದ ಕಾಲ ಒಂದಿತ್ತು. ನಮ್ಮ ನಾಟಕ ಕಂಪನಿಗಳನ್ನೇ ತಗೊಳ್ಳಿ. ಹಾಡಲು ಬಾರದವನಿಗೆ ರಾಜಾಪಾರ್ಟು ಯಾರು ಕೊಡ್ತಿದ್ರು? ಸಿನಿಮಾ ಮಾತು ಕಲಿತಾಗಲೂ ಅದೇ ಪದ್ಧತಿ ಮುಂದುವರಿಯಿತು. ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು 1935ರಲ್ಲಿ ಹಿನ್ನೆಲೆ ಗಾಯನದ ದಾರಿ ತೋರಿಸಿದ ಮೇಲೂ ಎಷ್ಟೋ ವರ್ಷ ಹಾಡುವ ತಾರೆಯರದೇ ದರ್ಬಾರು. ಕೆ.ಎಲ್. ಸೈಗಲ್, ನೂರ್‌ಜಹಾನ್, ಖುರ್ಷಿದ್, ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ... ಒಬ್ಬರಿಗಿಂತ ಒಬ್ಬರು!

ಆ ಸಾಲಿನ ಕೊನೆಯ ಮಹಾತಾರೆಯೇ ಸುರೈಯಾ. ಹನ್ನೆರಡನೇ ವಯಸ್ಸಿಗೆ ಬಣ್ಣ ಹಚ್ಚಿ, ಮೂವತ್ತನಾಲ್ಕರ ಹೊತ್ತಿಗೆ ಬಣ್ಣ ಒರೆಸಿಕೊಂಡು ಮನೆಯ ಬಾಗಿಲು ಹಾಕಿಕೊಂಡವಳು. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಏನೇನಾಯಿತು? ಕೇಳಿ.

ನೋಡಲು ಬಂದವಳಿಗೆ ಪಾರ್ಟು!

ಸುರೈಯಾ ಹುಟ್ಟಿದ್ದು 1929ರ ಜೂನ್ 15ರಂದು, ಅವಿಭಜಿತ ಪಂಜಾಬಿನಲ್ಲಿ. ಪೂರ್ಣ ಹೆಸರು ಸುರೈಯಾ ಜಮಾಲ್ ಶೇಖ್. ಮನೆಗೆ ಒಬ್ಬಳೇ ಮಗಳು. ಪುಟ್ಟ ಹುಡುಗಿಯಾಗಿದ್ದಾಗಲೇ ಕುಟುಂಬ ಮುಂಬಯಿಗೆ ಬಂತು. ಸೋದರಮಾವ ಜಹೂರ್ ಖಳನ ಪಾತ್ರಗಳಲ್ಲಿ ಹೆಸರಾದ ನಟ. 1941ರ ಶಾಲೆ ರಜೆಯಲ್ಲಿ ಹುಡುಗಿ ಮಾವನ ಕೈ ಹಿಡಿದು ಮೋಹನ್ ಸ್ಟುಡಿಯೋಗೆ ಹೋದಳು. ಶೂಟಿಂಗ್ ನೋಡೋಕೆ, ಅಷ್ಟೇ!

ಅಲ್ಲಿ ನಾನೂಭಾಯಿ ವಕೀಲ್ ನಿರ್ದೇಶನದ 'ತಾಜ್‌ಮಹಲ್' ಚಿತ್ರೀಕರಣ ನಡೆದಿತ್ತು. ಬಾಲೆ ಮುಮ್ತಾಜ್ ಮಹಲಳ ಪಾತ್ರಕ್ಕೆ ಒಂದು ಮುದ್ದು ಮುಖ ಬೇಕಿತ್ತು. ನಿರ್ದೇಶಕರು ಸುತ್ತ ನೋಡಿದರು... ಎದುರಿಗೇ ನಿಂತಿದೆ ಮುದ್ದು ಮುಖ! ನೋಡಲು ಬಂದವಳೇ ಕ್ಯಾಮೆರಾದ ಮುಂದೆ ನಿಂತಳು.

ಕಂಠದ ಕಥೆ ಇನ್ನೂ ಸ್ವಾರಸ್ಯ. ಆಕೆಗೆ ಶಾಸ್ತ್ರೀಯ ಸಂಗೀತದ ಪಾಠ ಆಗಿರಲಿಲ್ಲ. ಮುಂಬಯಿ ಆಕಾಶವಾಣಿಯ ಮಕ್ಕಳ ಕಾರ್ಯಕ್ರಮದಲ್ಲಿ ಹಾಡುತ್ತಿದ್ದಳು. ಜೊತೆಗಿದ್ದ ಬಾಲ್ಯದ ಗೆಳೆಯರು ಯಾರು ಗೊತ್ತಾ? ರಾಜ್‌ಕಪೂರ್ ಮತ್ತು ಮದನ್ ಮೋಹನ್! ಒಬ್ಬ ಮುಂದೆ 'ಷೋ ಮ್ಯಾನ್', ಇನ್ನೊಬ್ಬ ಗಜಲ್‌ಗಳ ಚಕ್ರವರ್ತಿ. ಆ ರೇಡಿಯೋ ಧ್ವನಿ ಸಂಗೀತ ನಿರ್ದೇಶಕ ನೌಷಾದರ ಕಿವಿಗೆ ಬಿತ್ತು. 1942ರ 'ಶಾರದಾ' ಚಿತ್ರದಲ್ಲಿ ನಾಯಕಿ ಮೆಹ್ತಾಬ್‌ಗೆ ಹಾಡಲು ಅವರು ಈ ಪುಟಾಣಿಯನ್ನೇ ಕರೆಸಿದರು. ಮೈಕು ಎಟುಕದ ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸಿದರು ಅನ್ನುವುದು ಚಿತ್ರರಂಗದಲ್ಲಿ ಇಂದಿಗೂ ಪ್ರಸಿದ್ಧ ಕಥೆ. ದೊಡ್ಡ ನಾಯಕಿಗೆ ಹದಿಮೂರರ ಹುಡುಗಿಯ ಕಂಠದಾನ!

ಮರುವರ್ಷವೇ 'ಇಶಾರಾ' ಚಿತ್ರದಲ್ಲಿ ಪೃಥ್ವಿರಾಜ್ ಕಪೂರರ ಎದುರು ಅಭಿನಯ. ಗೆಳೆಯ ರಾಜ್‌ಕಪೂರನ ಅಪ್ಪನ ಜೊತೆ! ನಮ್ಮ ಮನೆ ಹೆಣ್ಣುಮಕ್ಕಳು ಆ ವಯಸ್ಸಿಗೆ ಕುಂಟೆಬಿಲ್ಲೆ ಆಡ್ತಿರ್ತಾರೆ. ಇವಳು ಸಂಪಾದನೆಗೆ ನಿಂತಿದ್ದಳು.

ಸೈಗಲ್ ಮೆಚ್ಚಿದ ಹುಡುಗಿ

ಕುಂದನ್‌ಲಾಲ್ ಸೈಗಲ್ ಅಂದರೆ ಆ ಕಾಲದ ಹುಡುಗ ಹುಡುಗಿಯರಿಗೆ ಹುಚ್ಚು. ಸುರೈಯಾಗೂ ಅದೇ ಹುಚ್ಚು. ಅಂಥ ಸೈಗಲ್ ಈಕೆಯ ಹಾಡು ಕೇಳಿ ತಮ್ಮ ಚಿತ್ರಕ್ಕೆ ತಾವೇ ಶಿಫಾರಸು ಮಾಡಿದರಂತೆ. 1945ರಲ್ಲಿ 'ತದ್‌ಬೀರ್', 1946ರಲ್ಲಿ 'ಉಮರ್ ಖಯ್ಯಾಮ್', 1947ರಲ್ಲಿ 'ಪರ್ವಾನಾ', ಹೀಗೆ ಮೂರು ಚಿತ್ರಗಳಲ್ಲಿ ಜೊತೆಯಾದರು. 1947ರ ಜನವರಿ 18ರಂದು ಸೈಗಲ್ ತೀರಿಕೊಂಡರು.

ಅದೇ ವರ್ಷ ದೇಶ ಎರಡಾಯಿತು. 1946ರ 'ಅನ್‌ಮೋಲ್ ಘಡಿ'ಯಲ್ಲಿ ಸುರೈಯಾ ಜೊತೆ ನಟಿಸಿ ಹಾಡಿದ್ದ ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದಳು. ಖುರ್ಷಿದ್ ಕೂಡ ಹೋದಳು. ಸುರೈಯಾ ಮುಂಬಯಿ ಬಿಡಲಿಲ್ಲ. ಹಾಡುವ ನಾಯಕಿಯರ ಸಿಂಹಾಸನ ಖಾಲಿ ಇತ್ತು. ಹದಿನೆಂಟರ ಹುಡುಗಿ ಹೋಗಿ ಕೂತಳು!

ನಲವತ್ತು ಸಲ 'ದಿಲ್ಲಗಿ'!

1948ರಲ್ಲಿ 'ಪ್ಯಾರ್ ಕಿ ಜೀತ್', 1949ರಲ್ಲಿ 'ಬಡೀ ಬಹನ್', ಅದೇ ವರ್ಷ ನೌಷಾದರ ಸಂಗೀತದ 'ದಿಲ್ಲಗಿ'. ಒಂದಾದ ಮೇಲೊಂದು ಗೆಲುವು. ಆಗ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ನಾಯಕಿ ಈಕೆಯೇ. ಮರೀನ್ ಡ್ರೈವ್‌ನ ಕೃಷ್ಣ ಮಹಲ್ ಕಟ್ಟಡದ ಮುಂದೆ ಅಭಿಮಾನಿಗಳ ಜಾತ್ರೆ! ಒಂದು ಸಲ ಮುಖ ಕಂಡರೆ ಸಾಕು ಅಂತ ಗಂಟೆಗಟ್ಟಲೆ ಕಾಯುವ ಪಡ್ಡೆ ಹುಡುಗರು. ಪ್ರೀಮಿಯರ್‌ಗೆ ಹೋದರೆ ನೂಕುನುಗ್ಗಲು. ಕೊನೆಗೆ ಪ್ರೀಮಿಯರ್‌ಗೆ ಹೋಗುವುದನ್ನೇ ಬಿಟ್ಟಳು.

ನಮ್ಮೂರಲ್ಲಿ ಒಂದೇ ಚಿತ್ರಕ್ಕೆ ಹತ್ತು ಸಲ ಟಿಕೆಟ್ ತಗೊಂಡವನನ್ನ ಮಹಾ ಅಭಿಮಾನಿ ಅಂತೀವಿ. ಪಂಜಾಬಿನ ಹಳ್ಳಿಯ ಒಬ್ಬ ಹುಡುಗ 'ದಿಲ್ಲಗಿ'ಯನ್ನು ನಲವತ್ತು ಸಲ ನೋಡಿದ! ಆ ಹುಡುಗ ಯಾರು? 'ಶೋಲೆ'ಯ ವೀರು, ಸಾಕ್ಷಾತ್ ಧರ್ಮೇಂದ್ರ! ತಾರೆಯಾದ ಮೇಲೂ ಆತ ಅದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದ.

ಇದೇ ಹೊತ್ತಿಗೆ ಒಂದು ತಣ್ಣನೆಯ ಬದಲಾವಣೆಯೂ ಆಗುತ್ತಿತ್ತು. 'ಬಡೀ ಬಹನ್' ಚಿತ್ರದಲ್ಲಿ ಸುರೈಯಾ ತನ್ನ ಹಾಡು ತಾನೇ ಹಾಡಿದಳು. ಅದೇ ಚಿತ್ರದಲ್ಲಿ ಇನ್ನೊಂದು ಹಾಡು ಹಾಡಿದ್ದು ಲತಾ ಮಂಗೇಶ್ಕರ್. 1949ರಲ್ಲೇ 'ಮಹಲ್', 'ಬರ್ಸಾತ್', 'ಅಂದಾಜ್' ಬಂದವು. ಲತಾ ಮನೆಮಾತಾದರು. ಹಾಡೋಕೆ ಒಬ್ಬರು, ನಟಿಸೋಕೆ ಒಬ್ಬರು ಅನ್ನುವ ವ್ಯವಸ್ಥೆ ಗಟ್ಟಿಯಾಯಿತು. ನಿರ್ಮಾಪಕನಿಗೂ ಅನುಕೂಲ. ಹಾಡಲು ಬಾರದ ಚೆಲುವೆಯರಿಗೂ ದಾರಿ ತೆರೆಯಿತು. ಸುರೈಯಾ ಮಾತ್ರ ತನ್ನ ಹಾಡು ತಾನೇ ಹಾಡುತ್ತ ಉಳಿದಳು.

ದೋಣಿ ಮಗುಚಿತು, ಮನಸ್ಸು ದಡ ಸೇರಿತು

ಈಗ ನೀವು ಕಾಯುತ್ತಿರುವ ಅಧ್ಯಾಯ!

1948ರ 'ವಿದ್ಯಾ' ಚಿತ್ರ. ಸುರೈಯಾ ದೊಡ್ಡ ತಾರೆ. ನಾಯಕ ಇನ್ನೂ ಹೊಸ ಹುಡುಗ, ಹೆಸರು ದೇವ್ ಆನಂದ್. ದೋಣಿಯಲ್ಲಿ ಹಾಡಿನ ಚಿತ್ರೀಕರಣ. ದೋಣಿ ಮಗುಚಿತು. ನೀರಿಗೆ ಬಿದ್ದ ನಾಯಕಿಯನ್ನು ನಾಯಕ ನಿಜವಾಗಿಯೂ ಕಾಪಾಡಿದ! ಚಿತ್ರಕಥೆ ಬರೆಯುವವನು ಇದನ್ನ ಬರೆದಿದ್ರೆ "ಏನಯ್ಯಾ ಹಳೇ ಸರಕು" ಅಂತಿದ್ವಿ. ಜೀವನದಲ್ಲಿ ಆದಾಗ ನಂಬಲೇಬೇಕಲ್ಲ.

'ವಿದ್ಯಾ', 'ಜೀತ್', 'ಶಾಯರ್', 'ಅಫ್ಸರ್', 'ನೀಲಿ', 'ದೋ ಸಿತಾರೆ', 'ಸನಮ್'. 1948ರಿಂದ 1951ರೊಳಗೆ ಏಳು ಚಿತ್ರಗಳಲ್ಲಿ ಈ ಜೋಡಿ. ದೇವ್ ತನ್ನ ಅಣ್ಣ ಚೇತನ್ ಆನಂದ್ ಜೊತೆ ಕಟ್ಟಿದ ನವಕೇತನ ಸಂಸ್ಥೆಯ ಮೊದಲ ಚಿತ್ರ 'ಅಫ್ಸರ್'ಗೂ ಸುರೈಯಾನೇ ನಾಯಕಿ. ಪ್ರೀತಿ ಗುಟ್ಟಾಗಿ ಉಳಿಯಲಿಲ್ಲ. ದೇವ್ ವಜ್ರದ ಉಂಗುರ ಕೊಟ್ಟ. ಈಕೆ ತೊಟ್ಟಳು.

ಆದರೆ ಮನೆಯಲ್ಲಿ ಅಜ್ಜಿ ಬಾದಶಾಹ್ ಬೇಗಂ ಇದ್ದರು. ಮನೆಯ ಸೂತ್ರವೆಲ್ಲ ಅವರ ಕೈಯಲ್ಲಿ. ಹುಡುಗ ಹಿಂದೂ, ಹುಡುಗಿ ಮುಸ್ಲಿಂ. ದೇಶ ಒಡೆದು ರಕ್ತ ಹರಿದು ಇನ್ನೂ ಎರಡು ಮೂರು ವರ್ಷ. ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ, ಸೋದರಮಾವನೂ ಒಪ್ಪಲಿಲ್ಲ. ತಾಯಿಯ ಮನಸ್ಸು ಮಾತ್ರ ಮೆತ್ತಗಿತ್ತು ಎಂದು ದೇವ್ ಆನಂದ್ 2007ರ ತನ್ನ ಆತ್ಮಕಥೆಯಲ್ಲಿ ನೆನಪಿಸಿಕೊಂಡಿದ್ದಾನೆ. ಸೆಟ್ಟಿನಲ್ಲಿ ಕಾವಲು ಬಂತು. ಭೇಟಿ ನಿಂತಿತು. ಉಂಗುರ ಸಮುದ್ರದ ಪಾಲಾಯಿತು. ಎಸೆದವರು ಅಜ್ಜಿ ಅಂತ ಒಂದು ಕಥೆ, ಸುರೈಯಾಳೇ ಅಂತ ಇನ್ನೊಂದು ಕಥೆ.

ಮನೆಯವರನ್ನು ಎದುರಿಸುವ ಧೈರ್ಯ ತನಗೆ ಬರಲಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಸುರೈಯಾಳೇ ಸಂದರ್ಶನಗಳಲ್ಲಿ ಒಪ್ಪಿಕೊಂಡಳು. 1954ರಲ್ಲಿ ದೇವ್ ಆನಂದ್ ಕಲ್ಪನಾ ಕಾರ್ತಿಕ್‌ಳ ಕೈ ಹಿಡಿದ. ಸುರೈಯಾ ಕೊನೆಯವರೆಗೂ ಮದುವೆಯಾಗಲಿಲ್ಲ.

ಇಲ್ಲೇ ನನ್ನ ಹೊಟ್ಟೆಯೊಳಗಿನ ಮಾತು ಹೇಳಿಬಿಡ್ತೀನಿ. ಚಿತ್ರರಂಗದಲ್ಲಿ ಯಾರ ಕಂಠವನ್ನೂ ಸಾಲ ತೆಗೆದುಕೊಳ್ಳದ ಹುಡುಗಿ ಈಕೆ. ಮನೆಯಲ್ಲಿ ಮಾತ್ರ ಆಕೆಯ ಪರವಾಗಿ ಬೇರೆಯವರು ಮಾತಾಡಿದರು, ಆಕೆ ತುಟಿ ಅಲ್ಲಾಡಿಸಿದಳು. ಹನ್ನೆರಡರಿಂದ ದುಡಿದವಳು ಆಕೆ, ತೀರ್ಮಾನ ಮಾಡಿದವರು ಇತರರು. ಅಜ್ಜಿಯನ್ನು ಖಳನಾಯಕಿ ಅಂತ ಬೈದು ಕೈತೊಳೆದುಕೊಳ್ಳೋದು ಸುಲಭ. ಆದರೆ ಮಗಳ ದುಡಿಮೆ ಬೇಕು, ಮಗಳ ಮಾತು ಬೇಡ ಅನ್ನುವ ಮನೆಗಳು ಮುಂಬಯಿಯಲ್ಲಿ ಮಾತ್ರ ಇದ್ದವೇ? ನಮ್ಮ ಬೀದಿಯಲ್ಲಿ ಇಲ್ಲವೇ? ಎದೆ ಮುಟ್ಟಿಕೊಂಡು ಹೇಳಿ.

ಗಾಲಿಬನಿಗೆ ಜೀವ ತುಂಬಿದ ಕಂಠ

ಪ್ರೀತಿ ಕಳೆದುಕೊಂಡವಳ ಕಂಠ ಎಲ್ಲಿಗೆ ಹೋಯಿತು? ನೇರ ಗಾಲಿಬನ ಹತ್ತಿರ! 1954ರಲ್ಲಿ ಸೊಹ್ರಾಬ್ ಮೋದಿ 'ಮಿರ್ಜಾ ಗಾಲಿಬ್' ತೆಗೆದರು. ಭಾರತ್ ಭೂಷಣ್ ಕವಿ ಗಾಲಿಬ್, ಸುರೈಯಾ ಆತನ ಕವಿತೆಗೆ ಮನಸೋತ ಗಾಯಕಿ. ಗುಲಾಂ ಮೊಹಮ್ಮದರ ಸಂಗೀತ. ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. ಚಿತ್ರ ನೋಡಿದ ಪ್ರಧಾನಿ ನೆಹರೂ ಅವರು, ನೀನು ಗಾಲಿಬನ ಆತ್ಮಕ್ಕೆ ಜೀವ ಕೊಟ್ಟೆ ಎಂಬರ್ಥದ ಮಾತಾಡಿದರು. ಆ ಮೆಚ್ಚುಗೆಯೇ ತನಗೆ ದೊಡ್ಡ ಪ್ರಶಸ್ತಿ ಅನ್ನುತ್ತಿದ್ದಳು ಸುರೈಯಾ.

ನಾನು ಈ ಚಿತ್ರ ನೋಡಿದ್ದು ಕಪ್ಪು ಬಿಳುಪು ಟಿ.ವಿ.ಯಲ್ಲಿ. ಉರ್ದು ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ. ಆದರೂ ಆಕೆ ಹಾಡಲು ಕೂತರೆ ಕಣ್ಣು ಕೀಳೋಕಾಗಲಿಲ್ಲ. ಕಾರಣ ಆಮೇಲೆ ಹೊಳೀತು. ಹಿನ್ನೆಲೆ ಗಾಯನದಲ್ಲಿ ನಟಿ ಎಷ್ಟೇ ಚೆನ್ನಾಗಿ ತುಟಿ ಹೊಂದಿಸಿದರೂ ಉಸಿರು ಇನ್ನೊಬ್ಬರದು. ಇಲ್ಲಿ ಹಾಡಿನ ಉಸಿರೂ ಮುಖದ ಉಸಿರೂ ಒಂದೇ. ನಮಗೆ ಇದು ಹೊಸದೇನಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ಅಣ್ಣಾವ್ರು ತಾವೇ ಹಾಡಿದಾಗ ಟಾಕೀಸಿನಲ್ಲಿ ಬಿದ್ದ ಶಿಳ್ಳೆ ನೆನಪು ಮಾಡಿಕೊಳ್ಳಿ. ನಟನ ಮುಖಕ್ಕೆ ನಟನದೇ ಕಂಠ ಸೇರಿದರೆ ಏನಾಗುತ್ತೆ ಅಂತ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಅಂದ ಹಾಗೆ, ಒಂದು ಸಿಹಿ ಸುದ್ದಿಯೂ ಇದೆ. ಧರ್ಮೇಂದ್ರ ಸುರೈಯಾಳ ಅಭಿಮಾನಿಯಾದರೆ, ಸುರೈಯಾ ಹಾಲಿವುಡ್‌ನ ಗ್ರೆಗರಿ ಪೆಕ್‌ನ ಅಭಿಮಾನಿ! 1952ರಲ್ಲಿ ಮುಂಬಯಿ ಚಿತ್ರೋತ್ಸವಕ್ಕೆ ಬಂದಿದ್ದ ನಿರ್ದೇಶಕ ಫ್ರಾಂಕ್ ಕಾಪ್ರಾ ಕೈಯಲ್ಲಿ ತನ್ನ ಸಹಿ ಮಾಡಿದ ಫೋಟೋ ಕಳಿಸಿದ್ದಳು. 1954ರಲ್ಲಿ ಪೆಕ್ ಮುಂಬಯಿಗೆ ಬಂದವನು ಆಕೆಯ ಮನೆಗೇ ಹೋಗಿ ಕದ ತಟ್ಟಿದ. ಬೀದಿಯಲ್ಲಿ ಕಾಯುತ್ತಿದ್ದ ನಮ್ಮ ಹುಡುಗರ ಹೊಟ್ಟೆ ಎಷ್ಟು ಉರಿದಿರಬೇಡ!

ಪೃಥ್ವಿರಾಜರಿಂದ ಪೃಥ್ವಿರಾಜರವರೆಗೆ

'ಗಾಲಿಬ್' ನಂತರ ಚಿತ್ರಗಳು ವಿರಳವಾದವು. ಆರೋಗ್ಯ ಕೈಕೊಡುತ್ತಿತ್ತು. ಕಾಲವೂ ಬದಲಾಗಿತ್ತು. 1963ರ 'ರುಸ್ತುಂ ಸೊಹ್ರಾಬ್' ಕೊನೆಯ ಚಿತ್ರ, ಸಜ್ಜಾದ್ ಹುಸೇನರ ಸಂಗೀತ. ರುಸ್ತುಂ ಪಾತ್ರದಲ್ಲಿ ಯಾರು? 'ಇಶಾರಾ'ದ ಅದೇ ಪೃಥ್ವಿರಾಜ್ ಕಪೂರ್! ಇಪ್ಪತ್ತು ವರ್ಷಗಳ ನಂತರ. ಆಕೆ ಅದರಲ್ಲಿ ಹಾಡಿದ್ದನ್ನು ಒಮ್ಮೆ ಕೇಳಿ. ದಣಿದ ದನಿಯಲ್ಲ, ಪಳಗಿದ ದನಿ. ಆ ದನಿ ಅಲ್ಲಿಗೇ ನಿಂತಿತು.

ಆಮೇಲೆ ನಲವತ್ತು ವರ್ಷ ಮೌನ. ಅದೇ ಮರೀನ್ ಡ್ರೈವ್, ಅದೇ ಮನೆ. ಅರವತ್ತಕ್ಕೂ ಹೆಚ್ಚು ಚಿತ್ರ, ಮುನ್ನೂರಕ್ಕೂ ಹೆಚ್ಚು ಹಾಡುಗಳ ಒಡತಿ 2004ರ ಜನವರಿ 31ರಂದು ಕಣ್ಮುಚ್ಚಿದಳು. ಭಾರತೀಯ ಚಿತ್ರರಂಗಕ್ಕೆ ನೂರು ತುಂಬಿದ 2013ರಲ್ಲಿ ಸರ್ಕಾರ ಆಕೆಯ ಅಂಚೆಚೀಟಿ ತಂದಿತು.

ಕೆಲವರು ಸುರೈಯಾ ಅಂದ ಕೂಡಲೇ "ಓ, ದೇವ್ ಆನಂದ್ ಲವರ್ರಾ?" ಅಂತಾರೆ. ನನಗೆ ಸಿಟ್ಟು ಬರೋದು ಅಲ್ಲೇ. ಸ್ಟೂಲು ಹತ್ತಿ ಹಾಡಿದ ಹುಡುಗಿ, ಸೈಗಲ್ ಜೊತೆ ಹೆಗಲೆಣೆಯಾಗಿ ಹಾಡಿದವಳು, ಗಾಲಿಬನನ್ನು ಹಳ್ಳಿ ಟಾಕೀಸಿಗೂ ತಲುಪಿಸಿದವಳು. ಆಕೆಯನ್ನು ಬರೀ ಮುರಿದುಬಿದ್ದ ಪ್ರೇಮದ ಲೆಕ್ಕಕ್ಕೆ ಬರೆದುಕೊಂಡರೆ, ಆಕೆಯ ಪರವಾಗಿ ಬೇರೆಯವರು ಮಾತಾಡೋ ಸಾಲಿಗೆ ನಾವೂ ಸೇರಿದ ಹಾಗೆ.

ಆದ್ದರಿಂದ ಮಿತ್ರರೇ, ಬಸ್ಸು ಹೊರಡುವ ತನಕ ಹೇಗಿದ್ರೂ ಟೈಮಿದೆ. ಮೊಬೈಲು ತೆಗೆದು 'ಮಿರ್ಜಾ ಗಾಲಿಬ್' ಚಿತ್ರದ ಒಂದು ಹಾಡು ಹಾಕಿ. ಮೊದಲು ಕಣ್ಮುಚ್ಚಿ ಕೇಳಿ, ಆಮೇಲೆ ಕಣ್ಣು ತೆರೆದು ನೋಡಿ. ಆ ಮುಖ, ಆ ಕಂಠ, ಎರಡೂ ಒಬ್ಬಳದೇ. ಸಾಲ ಸೋಲ ಏನಿಲ್ಲ!

ಏನಂತೀರಿ?